ನಲವತ್ತು ಸಾವಿರ ಉಳಿಸಿದ ವಿದ್ಯಾರ್ಥಿ ಅದನ್ನು ಎಲ್ಲಿಡಬೇಕು?

ಸ್ಕಾಲರ್‌ಶಿಪ್ಪು, ರಜೆಯಲ್ಲಿ ದುಡಿದದ್ದು, ಅಜ್ಜಿ ಕೈಗಿಟ್ಟದ್ದು ಎಲ್ಲ ಸೇರಿ ನಲವತ್ತು ಸಾವಿರ ಆಗಿದೆ ಎಂದುಕೊಳ್ಳಿ. ಬ್ಯಾಂಕಿನ ಕೌಂಟರಿನ ಒಳಗೆ ಕೂತು ಬಹಳ ವರ್ಷ ನೋಡಿದ್ದೇನೆ. ಕೆಲವರು ಅಷ್ಟನ್ನೂ ಎಸ್‌ಬಿ (ಉಳಿತಾಯ) ಖಾತೆಯಲ್ಲೇ ಬಿಟ್ಟಿರುತ್ತಾರೆ. ಉಳಿದವರು ಅಷ್ಟನ್ನೂ ಒಂದೇ ಎಫ್‌ಡಿಗೆ (ನಿಶ್ಚಿತ ಅವಧಿಯ ಠೇವಣಿಗೆ) ಹಾಕಿ, ಪರೀಕ್ಷಾ ಶುಲ್ಕದ ವಾರ ಮುರಿಸಲು ಓಡಿ ಬರುತ್ತಾರೆ.

1. ಝೀರೋ ಬ್ಯಾಲೆನ್ಸ್ ಖಾತೆ ತೆರೆಯಿರಿ. ‘ಬೇಸಿಕ್ ಸೇವಿಂಗ್ಸ್’ ಎಂದು ಹೆಸರು ಹಿಡಿದೇ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇದನ್ನು ಎಲ್ಲ ಬ್ಯಾಂಕೂ ಕೊಡಬೇಕು, ಎಟಿಎಂ ಕಾರ್ಡೂ ಉಚಿತ. ಬಡ್ಡಿ ಅರ್ಧ ಪರ್ಸೆಂಟ್ ಹೆಚ್ಚೆಂದು ಮಿನಿಮಮ್ ಬ್ಯಾಲೆನ್ಸ್ ಕೇಳುವ ಖಾತೆಗೆ ಹೋಗಬೇಡಿ. ಐದು ಸಾವಿರಕ್ಕೆ ವರ್ಷವಿಡೀ ಬರುವ ಬಡ್ಡಿಯನ್ನು ಒಂದೇ ತಿಂಗಳ ದಂಡ ನುಂಗಬಹುದು.

2. ಸ್ಕಾಲರ್‌ಶಿಪ್ ಬರುವ ಖಾತೆಯ ಆಧಾರ್ ಜೋಡಣೆ ಕದಲದಿರಲಿ. ಸರ್ಕಾರದ ಹಣ ಆಧಾರ್ ಯಾವ ಬ್ಯಾಂಕಿಗೆ ಸೀಡ್ (ಜೋಡಣೆ) ಆಗಿದೆಯೋ ಅಲ್ಲಿಗೇ ಹೋಗುತ್ತದೆ, ಒಂದು ಹೊತ್ತಿಗೆ ಒಂದೇ ಬ್ಯಾಂಕು. ಹೊಸ ಖಾತೆಯ ಫಾರಂನಲ್ಲಿ ಆಧಾರ್ ಜೋಡಣೆಗೆ ನೋಡದೆ ಟಿಕ್ ಹಾಕಿ, ಆಮೇಲೆ ‘ದುಡ್ಡೇ ಬಂದಿಲ್ಲ ಮೇಡಂ’ ಎಂದು ಅತ್ತವರಿದ್ದಾರೆ. ದುಡ್ಡು ಬಂದಿತ್ತು, ಇನ್ನೊಂದು ಖಾತೆಗೆ.

3. ಈಗ ಹಣವನ್ನು ತುಂಡು ಮಾಡಿ. ಜನ ಎಡವುವುದು ಇಲ್ಲೇ.

2025ರ ಕೊನೆಯಲ್ಲಿ ಸ್ಟೇಟ್ ಬ್ಯಾಂಕಿನ ಎಸ್‌ಬಿ ಬಡ್ಡಿ ಶೇ 2.5 ಇತ್ತು, ಅಂಚೆ ಕಚೇರಿಯದು ಶೇ 4, ಅಂಚೆಯ ಒಂದು ವರ್ಷದ ಠೇವಣಿಗೆ ಶೇ 6.9. ನಲವತ್ತು ಸಾವಿರಕ್ಕೆ ಮೊದಲನೆಯದರಲ್ಲಿ ವರ್ಷಕ್ಕೆ ಸಾವಿರ ರೂಪಾಯಿ, ಕೊನೆಯದರಲ್ಲಿ 2,800ಕ್ಕೂ ಮೇಲೆ. ಹಾಗೆಂದು ಅಷ್ಟನ್ನೂ ಠೇವಣಿಗೆ ಸುರಿಯಬೇಡಿ. ಬ್ಯಾಂಕಿನ ಎಫ್‌ಡಿ ನಡುವೆ ಮುರಿಸಿದರೆ ರಸೀದಿಯಲ್ಲಿರುವ ದರ ಸಿಗುವುದಿಲ್ಲ. ಹಣ ಎಷ್ಟು ದಿನ ಇತ್ತೋ ಅಷ್ಟು ದಿನದ ದರ ಹಿಡಿದು, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ಕಡಿಯುತ್ತಾರೆ. ಅಂಚೆಯವರು ಇನ್ನೂ ಬಿಗಿ: ಆರು ತಿಂಗಳ ಮೊದಲು ಮುಟ್ಟುವಂತಿಲ್ಲ, ವರ್ಷದೊಳಗೆ ತೆಗೆದರೆ ಬರೀ ಎಸ್‌ಬಿ ಬಡ್ಡಿ.

ನನ್ನ ಲೆಕ್ಕ ಹೀಗೆ. ಮೂರು ತಿಂಗಳ ಹಾಸ್ಟೆಲ್, ಬಸ್ ಪಾಸ್ ಖರ್ಚಿಗೆ ಹತ್ತು ಸಾವಿರ ಎಸ್‌ಬಿಯಲ್ಲಿರಲಿ. ಮುಂದಿನ ಸೆಮಿಸ್ಟರ್ ಶುಲ್ಕದ ಹತ್ತು ಸಾವಿರಕ್ಕೆ ಬ್ಯಾಂಕಿನಲ್ಲೇ ಎಫ್‌ಡಿ ಮಾಡಿಸಿ, ಅವಧಿ ಶುಲ್ಕದ ದಿನಾಂಕಕ್ಕಿಂತ ಒಂದು ವಾರ ಮುಂಚೆ ಮುಗಿಯಲಿ. ಅವಧಿಯನ್ನು ದಿನಗಳ ಲೆಕ್ಕದಲ್ಲೇ ಬರೆಯಬಹುದು, ‘ಒಂದು ವರ್ಷ’ ಎಂದೇ ಹೇಳಬೇಕಿಲ್ಲ. ಉಳಿದ ಇಪ್ಪತ್ತು ಸಾವಿರವನ್ನು ಬ್ಯಾಂಕಿನಲ್ಲೇ ಹತ್ತು ಹತ್ತರ ಎರಡು ಎಫ್‌ಡಿ ರಸೀದಿ ಮಾಡಿಸಿ ವರ್ಷಕ್ಕೆ ಇಡಿ. ‘ಎರಡ್ಯಾಕೆ, ಒಂದೇ ಮಾಡಿಸಿ’ ಎಂದು ಕೌಂಟರಿನವರು ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಕಿವಿಗೆ ಹಾಕಿಕೊಳ್ಳಬೇಡಿ. ಊರಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಆರು ಸಾವಿರ ಬೇಕಾದಾಗ ಒಂದನ್ನು ಮುರಿಸಿದರೆ ಸಾಕು, ಇನ್ನೊಂದು ಪೂರ್ತಿ ಬಡ್ಡಿ ದುಡಿಯುತ್ತಿರುತ್ತದೆ.

ಅಂಚೆಯ ಎಸ್‌ಬಿ ಖಾತೆಯಿದ್ದರೆ ಹಣವನ್ನು ತಿಂಗಳ ಹತ್ತನೇ ತಾರೀಖಿನೊಳಗೆ ಕಟ್ಟಿ. ಹತ್ತರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿಗಷ್ಟೇ ಅಲ್ಲಿ ಬಡ್ಡಿ.

4. ಇವನ್ನು ಬೇಡ ಎನ್ನಿ. ‘ಟ್ಯಾಕ್ಸ್ ಸೇವಿಂಗ್’ ಎಫ್‌ಡಿ ಐದು ವರ್ಷ ಬೀಗ ಹಾಕುತ್ತದೆ. ತೆರಿಗೆಯೇ ಕಟ್ಟದವರಿಗೆ ಅದೇಕೆ? ಎಫ್‌ಡಿ ಎಂದು ಹೇಳಿ ವಿಮಾ ಪಾಲಿಸಿಗೆ ಸಹಿ ಹಾಕಿಸುವವರೂ ಇದ್ದಾರೆ. ಕಾಗದದಲ್ಲಿ ‘ಪ್ರೀಮಿಯಂ’ ಎಂಬ ಮಾತು ಕಂಡರೆ ಎದ್ದು ಬನ್ನಿ. ಬೀದಿ ಕೊನೆಯ ಪತ್ತಿನ ಸಂಘ ಶೇ 10 ಕೊಡುತ್ತೇನೆಂದರೂ ಬೇಡ. ಬ್ಯಾಂಕ್ ಮುಳುಗಿದರೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ, ಪತ್ತಿನ ಸಂಘಕ್ಕೆ ಇಲ್ಲ.

5. ನಾಮಿನಿ ಹೆಸರು ಬರೆಸಿ. ಫಾರಂನಲ್ಲಿ ‘ಆಟೋ ರಿನ್ಯೂವಲ್’ (ಠೇವಣಿ ತಾನಾಗಿ ಮುಂದುವರಿಯುವುದು) ಟಿಕ್ ತೆಗೆಸಿ, ಅವಧಿ ಮುಗಿದ ದಿನ ಹಣ ತಾನಾಗಿ ನಿಮ್ಮ ಖಾತೆಗೆ ಬೀಳಲಿ.