ನಾಟಕಕ್ಕೂ ಸಿನಿಮಾಕ್ಕೂ ಸಂಗೀತ ಮಾಡಬೇಕೆಂದಿರುವವರಿಗೆ

"ಅಕ್ಕಾ, ಯಾವ ಲ್ಯಾಪ್‌ಟಾಪ್ ತಗೊಳ್ಲಿ, ಯಾವ ಸಾಫ್ಟ್‌ವೇರ್ ಕಲೀಲಿ?" ಸಂಗೀತ ನಿರ್ದೇಶನಕ್ಕೆ ಇಳಿಯಬೇಕು ಅಂತ ಬರುವವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಇರುವುದೇ ಸಾಕು, ಮೊದಲು ಒಂದು ನಾಟಕ ತಂಡ ಸೇರಿಕೊಳ್ಳಿ ಅನ್ನುತ್ತೇನೆ. ನಾನು ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಹಾರ್ಮೋನಿಯಂ ಹಿಡಿದು ಬಂದವಳು. ಸಣ್ಣ ಬಜೆಟ್ಟಿನ ಸಿನಿಮಾಗಳಿಗೆ ಆರ್‌ಆರ್ (ರೀರೆಕಾರ್ಡಿಂಗ್, ಅಂದರೆ ದೃಶ್ಯಗಳ ಹಿನ್ನೆಲೆ ಸಂಗೀತ) ಮಾಡತೊಡಗಿದ್ದು ಆಮೇಲೆ. ಸಿನಿಮಾದಲ್ಲಿ ಸಂಗೀತದವರು ಬರುವ ಹೊತ್ತಿಗೆ ನಟ ಮನೆಗೆ ಹೋಗಿರುತ್ತಾನೆ. ಅವನು ಹೇಗೆ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಿ ಮಾತು ನುಂಗುತ್ತಾನೆ ಅನ್ನುವುದನ್ನು ಎದುರಿಗೆ ಕೂತು ನೋಡಲು ಸಿಗುವುದು ನಾಟಕದ ತಾಲೀಮಿನಲ್ಲಿ ಮಾತ್ರ.

ಇದೇನು ಹೊಸ ದಾರಿಯಲ್ಲ. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ, ಬನಾರಸ್ಸಿನಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತು, ನಾಟಕ ಮಾಡುತ್ತಲೇ ಸಿನಿಮಾಕ್ಕೆ ಬಂದವರು. 1976 ಮತ್ತು 1977ರ ಸಾಲಿನ ಸಂಗೀತದ ರಾಷ್ಟ್ರಪ್ರಶಸ್ತಿಗಳೆರಡೂ ಅವರಿಗೇ ಬಂದವು, 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ'ಕ್ಕೆ. ಕೋಲು, ಕಲ್ಲು, ಕಾಗದ ಎಲ್ಲದರಿಂದಲೂ ನಾದ ತೆಗೆಯುತ್ತಿದ್ದ ಮನುಷ್ಯ. ದುಡ್ಡಿಲ್ಲದ ತಂಡಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ: ಮೊರದಲ್ಲಿ ಎರಡು ಹಿಡಿ ರಾಗಿ ಹಾಕಿ ಮೆಲ್ಲಗೆ ಓಲಾಡಿಸಿ ನೋಡಿ, ಸಭಾಂಗಣದ ಕೊನೆಯ ಸಾಲಿನವರಿಗೂ ಮಳೆ ಬರುತ್ತದೆ.

ತಾಲೀಮು ಆರೂವರೆಗೆ ಅಂದರೆ ಏಳಕ್ಕೆ ಶುರು. ಆಫೀಸು ಮುಗಿಸಿ ಬಸ್ಸಿಳಿದು ಓಡಿಬರುವ ನಟರು. ಮೊದಮೊದಲು ಹಾರ್ಮೋನಿಯಂ ಪೆಟ್ಟಿಗೆ ತೆರೆಯಲೇಬೇಡಿ, ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಒಬ್ಬೊಬ್ಬರ ಹೆಸರಿನ ಮುಂದೆ ಅವರು ನೆಮ್ಮದಿಯಾಗಿ ಮುಟ್ಟುವ ಕೆಳಗಿನ ಸ್ವರ, ಮೇಲಿನ ಸ್ವರ ಬರೆದಿಡಿ. ಕಾಫಿ ಕುಡಿದು ಕೂತಾಗ ಹಾಡಿಸಿ ಬರೆದುಕೊಂಡರೆ ಪ್ರಯೋಜನವಿಲ್ಲ. ಒಂದು ದೃಶ್ಯ ಕುಣಿದು ಮುಗಿಸಿ ಏದುಸಿರು ಬಿಡುವಾಗ ಹಾಡಿಸಿ. ಎರಡು ಸ್ವರವಾದರೂ ಕೆಳಗಿಳಿದಿರುತ್ತದೆ, ರಂಗದ ಮೇಲೆ ಅವರ ನಿಜವಾದ ಕಂಠ ಅದೇ.

ಗಂಡಸರು ಹೆಂಗಸರು ಒಟ್ಟಿಗೆ ಹಾಡುವ ಮೇಳದ ಹಾಡು ಹೊಸಬರನ್ನು ಸೋಲಿಸುತ್ತದೆ. ಷಡ್ಜವನ್ನು (ಸಾ) ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂ ಸ್ಥಾಯಿಯ ಮೊದಲ ಕಪ್ಪು ಮನೆಯಲ್ಲಿ ಇಟ್ಟು ತಾರ ಷಡ್ಜದವರೆಗೆ (ಮೇಲಿನ ಸಾ) ಹತ್ತಿಸಿದರೆ ಗಂಡಸರು ಹೇಗೋ ಹಾಡುತ್ತಾರೆ, ಹೆಂಗಸರಿಗೆ ಕೆಳಗೂ ಸಿಗದು, ಮೇಲೂ ಎಟುಕದು. ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ: ಷಡ್ಜ ಕಪ್ಪು ಎರಡರಲ್ಲಿ, ಟ್ಯೂನು ಮಂದ್ರ ಪಂಚಮದಿಂದ (ಕೆಳಗಿನ ಸ್ಥಾಯಿಯ ಪ) ಮಧ್ಯ ಧೈವತದ (ನಡುವಿನ ಸ್ಥಾಯಿಯ ಧ) ಒಳಗೆ. ಗಂಡಸರು ಅಲ್ಲಿ, ಹೆಂಗಸರು ಒಂದು ಸ್ಥಾಯಿ ಮೇಲೆ. ಸಂಗೀತ ಕಲಿಯದ ಗಂಟಲೂ ಅಷ್ಟಕ್ಕೆ ಒದಗುತ್ತದೆ. ಒಂಬತ್ತು ಸ್ವರದೊಳಗೆ ಏನು ಹಾಡು ಮಾಡೋದು ಅಂತ ಮೂಗು ಮುರಿಯಬೇಡಿ, ನಮ್ಮ ಸೋಬಾನೆ ಪದಗಳು ಅದಕ್ಕಿಂತ ಕಡಿಮೆಯಲ್ಲಿ ಊರನ್ನೇ ಹಾಡಿಸಿವೆ.

ಶ್ರುತಿ ಕೊಡುವುದೂ ಒಂದು ಕಸುಬು. ನಟ ಮಾತು ಮುಗಿಸಿ, ನೀವು 'ಸಾ' ಹಿಡಿದು, ಅವನು ಕೇಳಿಸಿಕೊಂಡು ಶುರು ಮಾಡುವಷ್ಟರಲ್ಲಿ ದೃಶ್ಯ ಸತ್ತಿರುತ್ತದೆ. ಹಾಡಿಗೆ ಮುಂಚಿನ ಎರಡು ಮಾತು ಇರುವಾಗಲೇ ಹಾರ್ಮೋನಿಯಂನ ಬಾತೆ (ಗಾಳಿ ತಿದಿ) ಮೆಲ್ಲಗೆ ಒತ್ತಿ ಸ್ವರ ಎಳೆಯಿರಿ, ಪ್ರೇಕ್ಷಕರಿಗೆ ಅದು ವಾತಾವರಣ, ನಟನಿಗೆ ಊರುಗೋಲು. ಹಾಡಿನ ಮೊದಲ ಸ್ವರ ಷಡ್ಜವೇ ಆಗಿರಬೇಕೆಂದಿಲ್ಲ, ಅವನು ಎತ್ತಿಕೊಳ್ಳಬೇಕಾದ ಸ್ವರ ಯಾವುದೋ ಅದನ್ನೇ ಹಿಡಿಯಿರಿ.

ಸಾಹಿತ್ಯವನ್ನು ಮೊದಲು ಗಟ್ಟಿಯಾಗಿ ಓದಿ, ಹತ್ತು ಸಲ. ಹ್ರಸ್ವ ಇದ್ದಲ್ಲಿ ಎಳೆದರೆ ಬಳೆ ಬಾಳೆಯಾಗುತ್ತದೆ. ನಾಟಕದಲ್ಲಿ ಹಾಡು ಕೇಳಿಸುವುದು ಒಂದೇ ಸಲ, ಅರ್ಥ ಆಗಲಿಲ್ಲ ಅಂದರೆ ಆಗಲಿಲ್ಲ ಅಷ್ಟೇ. ರೆಕಾರ್ಡೆಡ್ ಟ್ರ್ಯಾಕ್ ಹಾಕುವ ಚಾಳಿ ಈಗ ಹೆಚ್ಚಾಗಿದೆ, ಖರ್ಚೂ ಕಡಿಮೆ. ಆದರೆ ಟ್ರ್ಯಾಕ್ ಇದ್ದರೆ ನಟ ಅದಕ್ಕೆ ಕಾಯಬೇಕು, ಲೈವ್ ಇದ್ದರೆ ನಾವು ನಟನಿಗೆ ಕಾಯುತ್ತೇವೆ. ಕಲಿಯುವವರು ಲೈವ್ ಬಿಡಬೇಡಿ.

ಸಿನಿಮಾ ಅವಕಾಶ ಎಲ್ಲಿಂದ ಬರುತ್ತದೆ? ಇದೇ ಜಾಗಗಳಿಂದ. ರಂಗಶಂಕರದಲ್ಲೋ ಕಲಾಕ್ಷೇತ್ರದಲ್ಲೋ ನಾಟಕ ನೋಡಿ ಹೊರಗೆ ಟೀ ಕುಡಿಯುತ್ತ ನಿಂತ ಅಸಿಸ್ಟೆಂಟ್ ಡೈರೆಕ್ಟರೇ ನಾಳೆಯ ಡೈರೆಕ್ಟರ್. ಸ್ಟುಡಿಯೋ ಬಾಗಿಲಲ್ಲಿ ಡೆಮೊ ಹಿಡಿದು ನಿಲ್ಲುವುದಕ್ಕಿಂತ ಅವರ ಕಿರುಚಿತ್ರಕ್ಕೆ ಕೆಲಸ ಮಾಡಿಕೊಡುವುದು ಒಳ್ಳೆಯದು. ಪುಕ್ಕಟೆ ಮಾಡಬೇಡಿ, ವಾದ್ಯದವರ ಸಂಭಾವನೆ ಮತ್ತು ಸ್ಟುಡಿಯೋ ಬಾಡಿಗೆಯನ್ನಾದರೂ ಮೊದಲೇ ಈಸಿಕೊಳ್ಳಿ.

ಸಿನಿಮಾಕ್ಕೆ ಬಂದ ಮೇಲೆ ಕೈಗೆ ಬರುವುದು ಎಡಿಟ್ ಆದ ಚಿತ್ರ. ಎಡಿಟ್ ಲಾಕ್ ಆಗಿದೆಯಾ, ಇನ್ನು ಬದಲಾಗುವುದಿಲ್ಲವಾ ಅಂತ ಬಾಯಲ್ಲಿ ಕೇಳಿದರೆ ಸಾಲದು, ಮೆಸೇಜಿನಲ್ಲಿ ಬರೆಸಿಕೊಳ್ಳಿ. ಲಾಕ್ ಅಂದವರೇ ಮೂರು ದಿನ ಬಿಟ್ಟು ನಾಲ್ಕು ಸೆಕೆಂಡು ಕತ್ತರಿಸಿ ಕಳಿಸುತ್ತಾರೆ. ಡೈರೆಕ್ಟರ್ ಜೊತೆ ಕೂತು ರೀಲು ರೀಲಾಗಿ ನೋಡಿ, ಸಂಗೀತ ಎಲ್ಲಿ ಶುರು, ಎಲ್ಲಿ ನಿಲುಗಡೆ ಅಂತ ಬರೆಯಿರಿ. ಎಡಿಟರ್ ಯಾವುದೋ ದೊಡ್ಡ ಸಿನಿಮಾದ ಸಂಗೀತ ಅಂಟಿಸಿರುತ್ತಾರೆ, ಮೊದಲ ಸಲ ಅದನ್ನು ಮ್ಯೂಟ್ ಮಾಡಿಸಿ ನೋಡಿ. ಕಿವಿಯಲ್ಲಿ ಅದು ಕೂತರೆ ಏಳಿಸುವುದು ಕಷ್ಟ.

ಇನ್ನು ಲೆಕ್ಕ. ಒಂದು ದೃಶ್ಯದ ಶುರುವಿನಿಂದ 40.5ನೇ ಸೆಕೆಂಡಿಗೆ ಬಾಗಿಲು ಮುಚ್ಚುತ್ತದೆ, ಅಲ್ಲಿ ಸಂಗೀತ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬೀಳಬೇಕು ಅಂದುಕೊಳ್ಳಿ. ನಿಮ್ಮ ಟೆಂಪೊ ನಿಮಿಷಕ್ಕೆ 80 ಇದ್ದರೆ ಒಂದು ಅಕ್ಷರಕ್ಕೆ (ತಾಳದ ಒಂದು ಎಣಿಕೆಗೆ) 0.75 ಸೆಕೆಂಡು. 40.5ರಲ್ಲಿ 54 ಅಕ್ಷರ. ಎಂಟು ಅಕ್ಷರಕ್ಕೊಂದು ಸುತ್ತು (ಆವರ್ತ) ಮುಗಿಯುವ ಆದಿತಾಳದಲ್ಲಿ ಆರು ಆವರ್ತ ಮುಗಿದು ಮತ್ತೆ ಆರು ಅಕ್ಷರ ದಾಟಿ, ಬಾಗಿಲು ಕೊನೆಯ ದ್ರುತದ (ಸುತ್ತಿನ ಕೊನೆಯ ಎರಡು ಅಕ್ಷರದ) ಪೆಟ್ಟಿಗೆ ಮುಚ್ಚುತ್ತದೆ. ಪೆಟ್ಟೇನೋ ಇದೆ, ಸಮ ಅಲ್ಲ. ಏಳು ಆವರ್ತಕ್ಕೆ 56 ಅಕ್ಷರ ಬೇಕು, ಎರಡು ಕಡಿಮೆ. ದಾರಿ ಎರಡಿವೆ: ಟೆಂಪೊವನ್ನು 83ಕ್ಕೆ ಏರಿಸಿ, 56ನೇ ಅಕ್ಷರ ಮುಗಿಯುವುದಕ್ಕೂ ಬಾಗಿಲಿಗೂ ಅರ್ಧ ಫ್ರೇಮಿನಷ್ಟು ಮಾತ್ರ ವ್ಯತ್ಯಾಸ. ಇಲ್ಲವೇ 80ರಲ್ಲೇ ಬಿಟ್ಟು, ಒಂದೂವರೆ ಸೆಕೆಂಡು ಮುಂಚೆ, ಹಿಂದಿನ ದೃಶ್ಯದ ಬಾಲದ ಮೇಲೆ ಸಂಗೀತ ಎತ್ತಿಕೊಳ್ಳಿ. ನನಗೆ ಎರಡನೆಯದೇ ಇಷ್ಟ, ಎರಡು ದೃಶ್ಯಗಳ ನಡುವಿನ ಕಟ್ ಮೃದುವಾಗುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಟಿವಿಗೆ ಮಾಡಿದ್ದು 25 ಇರಬಹುದು, ಪ್ರಾಜೆಕ್ಟ್ ತೆರೆಯುವ ಮುಂಚೆ ಕೇಳಿಕೊಳ್ಳಿ. ಆಡಿಯೊ 48 ಕಿಲೋಹರ್ಟ್ಸ್, 24 ಬಿಟ್. ಮಿಕ್ಸಿಂಗಿಗೆ ಕೊಡುವಾಗ ತಂತಿ, ತಾಳ, ಕೊಳಲು, ಕಂಠ ಬೇರೆ ಬೇರೆ ಫೈಲಿನಲ್ಲಿ ಕೊಡಿ, ಮಾತಿಗೆ ಅಡ್ಡ ಬಂದದ್ದನ್ನು ಮಾತ್ರ ಅವರು ತಗ್ಗಿಸುತ್ತಾರೆ.

ಸಿನಿಮಾ ಹಾಡಿನ ಕೆಲಸ ನಾಟಕಕ್ಕೆ ತಿರುಗುಮುರುಗು. ಅಲ್ಲಿ ಪದ ಮೊದಲು, ಇಲ್ಲಿ ಬಹಳ ಸಲ ಟ್ಯೂನ್ ಮೊದಲು. ತನನ ಹಾಡಿ ಕಳಿಸುವ ಬದಲು ನೀವೇ ಕನ್ನಡದಲ್ಲಿ ಡಮ್ಮಿ ಸಾಹಿತ್ಯ ಹಾಕಿ ಹಾಡಿ. ಹ್ರಸ್ವ ದೀರ್ಘ ಎಲ್ಲಿ ಕೂರುತ್ತದೆ ಅಂತ ಬರೆಯುವವರಿಗೆ ತಿಳಿಯುತ್ತದೆ.

ಕೊನೆಗೆ ಕಾಗದ ಪತ್ರ. ನಾಟಕ ತಂಡದ ಜೊತೆ ಒಂದು ಪುಟದ ಪತ್ರ ಸಾಕು: ಮೊದಲ ಪ್ರದರ್ಶನದವರೆಗೆ ಇಷ್ಟು, ಮುಂದಿನ ಪ್ರತಿ ಶೋಗೆ ಇಷ್ಟು, ಹಾಡಿನ ಹಕ್ಕು ಸಂಯೋಜಕರದ್ದು. ಸಿನಿಮಾದಲ್ಲಿ ಹಕ್ಕನ್ನು ನಿರ್ಮಾಪಕರು ಬರೆಸಿಕೊಳ್ಳುವುದು ವಾಡಿಕೆ. ಆದರೆ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆಡೆ ಬಳಸಿದಾಗ ಬರುವ ರಾಯಧನದಲ್ಲಿ ನಿಮಗೆ ಸಮಪಾಲು ಉಂಟು, ಅದನ್ನು ನಿಮ್ಮಿಂದ ಬರೆಸಿಕೊಳ್ಳುವಂತಿಲ್ಲ. ಒಬ್ಬ ನಿರ್ಮಾಪಕರು ನನ್ನ ಮುಂದಿಟ್ಟ ಕರಾರಿನಲ್ಲಿ ಆ ಸಾಲೂ ಇತ್ತು. ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು, ಗಲಾಟೆ ಏನೂ ಆಗಲಿಲ್ಲ. ಐಪಿಆರ್‌ಎಸ್ (ಸಂಯೋಜಕರ, ಹಾಡು ಬರೆಯುವವರ ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆ) ಸದಸ್ಯರಾಗಿ, ಹಾಡುಗಳ ಜೊತೆಗೆ ಆರ್‌ಆರ್ ಅನ್ನೂ ಕ್ಯೂ ಶೀಟ್ ಸಮೇತ ನೋಂದಾಯಿಸಿ. ಯಾವ ತುಣುಕು ಎಷ್ಟು ಸೆಕೆಂಡು ಅಂತ ಬರೆದ ಆ ಹಾಳೆಯನ್ನು ಮಿಕ್ಸಿಂಗ್ ಮುಗಿದ ವಾರದಲ್ಲೇ ಮಾಡಿಬಿಡಿ, ಆಮೇಲೆ ಯಾರ ಹತ್ತಿರವೂ ಫೈನಲ್ ಪ್ರಿಂಟ್ ಸಿಗುವುದಿಲ್ಲ.