ಸತ್ತವರ ಅಂಕಿ ಓದುವುದು ಹೇಗೆ, ಹೊಣೆ ಯಾರದು ಅಂತ ಹುಡುಕುವುದು ಹೇಗೆ

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ರಾತ್ರಿ 2003ರಲ್ಲಿ ಅಮೆರಿಕ ಶುರುಮಾಡಿದ ಇರಾಕ್ ಯುದ್ಧದ ಬಗ್ಗೆ ಜಗಳ ಶುರುವಾಯಿತು. ದೊಡ್ಡಮಾವ "ಅಮೆರಿಕದವರು ಆರೂವರೆ ಲಕ್ಷ ಜನರನ್ನು ಕೊಂದರು" ಅಂತ ಒಂದು ಫಾರ್ವರ್ಡ್ ಹಾಕಿದರು. ಐದೇ ನಿಮಿಷಕ್ಕೆ ಅವರ ಅಳಿಯ "ಸುಳ್ಳು, ಒಂದೂವರೆ ಲಕ್ಷ ಅಷ್ಟೇ" ಅಂತ ಇನ್ನೊಂದು ಲಿಂಕ್ ಹಾಕಿದ. ಅಷ್ಟೇ ಅಂತೆ! ಒಂದೂವರೆ ಲಕ್ಷ ಹೆಣದ ಪಕ್ಕ ಆ ಪದ ಹೇಗೆ ಬಂದು ಕೂತಿತೋ. ಆಮೇಲೆ ನಾನು ಕೂತು ಹುಡುಕಿದೆ. ಎರಡೂ ಅಂಕಿ ನಿಜವಾದ ಅಧ್ಯಯನದಿಂದಲೇ ಬಂದಿದ್ದವು, ಅದೂ ಹೆಚ್ಚುಕಮ್ಮಿ ಒಂದೇ ಅವಧಿಯ ಮೇಲೆ. ಅವತ್ತಿನಿಂದ ಯುದ್ಧದ ಸುದ್ದಿ ಓದುವಾಗ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಒಂದು ಹಾಳೆ, ಒಂದು ಪೆನ್ ಸಾಕು.

ಮೊದಲ ಕೆಲಸ, ಅಂಕಿಯ ಪಕ್ಕದಲ್ಲಿ ನಾಲ್ಕು ಪ್ರಶ್ನೆ ಬರೆಯಿರಿ. ಎಣಿಸಿದವರು ಯಾರು? ಯಾರನ್ನು ಎಣಿಸಿದರು? ಯಾವಾಗಿನಿಂದ ಯಾವಾಗಿನವರೆಗೆ? ಹೇಗೆ ಎಣಿಸಿದರು?

ಮಾವನ ಅಂಕಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 2006ರಲ್ಲಿ ಬಂದಿದ್ದು. 1,849 ಮನೆಗಳಿಗೆ ಹೋಗಿ, ಯುದ್ಧಕ್ಕೆ ಮುಂಚೆ ಮನೆಯಲ್ಲಿ ಯಾರ್ಯಾರು ತೀರಿಕೊಂಡರು, ಯುದ್ಧ ಶುರುವಾದ ಮೇಲೆ ಯಾರ್ಯಾರು ತೀರಿಕೊಂಡರು ಅಂತ ಕೇಳಿ, ಆ ವ್ಯತ್ಯಾಸವನ್ನು ಇಡೀ ದೇಶಕ್ಕೆ ಹಿಗ್ಗಿಸಿದರು. ಹೀಗೆ ಬಂದಿದ್ದು 6,54,965 ಹೆಚ್ಚುವರಿ ಸಾವು. ಗುಂಡು, ಬಾಂಬು, ಕಾಯಿಲೆ ಎಲ್ಲಾ ಸೇರಿ. ಆದರೆ ಅದೇ ವರದಿಯಲ್ಲಿ ನಿಜವಾದ ಸಂಖ್ಯೆ 3.9 ಲಕ್ಷದಿಂದ 9.4 ಲಕ್ಷದ ನಡುವೆ ಎಲ್ಲಾದರೂ ಇರಬಹುದು ಅಂತಲೂ ಇತ್ತು. ಆ ಸಾಲು ಫಾರ್ವರ್ಡ್‌ನಲ್ಲಿ ಬರಲೇ ಇಲ್ಲ. ಸರ್ವೆಯ ವಿಧಾನದ ಮೇಲೆ ಆಮೇಲೆ ಸಾಕಷ್ಟು ಟೀಕೆಯೂ ಬಂತು.

ಅಳಿಯನ ಅಂಕಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇರಾಕಿನ ಆರೋಗ್ಯ ಇಲಾಖೆ ಸೇರಿ ಮಾಡಿದ ಸರ್ವೆಯದ್ದು. ಪ್ರಕಟವಾಗಿದ್ದು 2008ರಲ್ಲಿ. 9,345 ಮನೆ. 1,51,000 ಸಾವು. ಆದರೆ ಹಿಂಸೆಯಿಂದ ಸತ್ತವರು ಮಾತ್ರ, ಅದೂ 2006ರ ಜೂನ್‌ವರೆಗೆ ಮಾತ್ರ. ಇವೆರಡೂ ಅಲ್ಲದೆ ಇರಾಕ್ ಬಾಡಿ ಕೌಂಟ್ ಅನ್ನೋ ಗುಂಪು ಪತ್ರಿಕಾ ವರದಿ, ಆಸ್ಪತ್ರೆ, ಶವಾಗಾರದ ದಾಖಲೆ ಇಟ್ಟುಕೊಂಡು ಒಂದೊಂದೇ ಘಟನೆ ಸೇರಿಸುತ್ತಾ ಪಟ್ಟಿ ಮಾಡುತ್ತಿತ್ತು. 2006ರ ಜೂನ್ ಹೊತ್ತಿಗೆ ಅವರ ಪಟ್ಟಿ 50 ಸಾವಿರ ದಾಟಿರಲಿಲ್ಲ. ಯಾಕೆಂದರೆ ಅದು ದಾಖಲೆ ಸಿಕ್ಕ ನಾಗರಿಕರ ಪಟ್ಟಿ.

ಸಾವಿನ ವಿಷಯದಲ್ಲಿ ಮದುವೆಯ ಉದಾಹರಣೆ ಕೊಡಬಾರದು, ಆದರೂ ಇದಕ್ಕಿಂತ ಸುಲಭವಾದದ್ದು ನನಗೆ ಹೊಳೆಯುತ್ತಿಲ್ಲ. ಮದುವೆಗೆ ಎಷ್ಟು ಜನ ಬಂದಿದ್ದರು? ಮುಯ್ಯಿ ಪುಸ್ತಕ ನೋಡಿ ಒಂದು ಲೆಕ್ಕ ಹೇಳಬಹುದು, ಎದ್ದ ಎಲೆ ಎಣಿಸಿ ಇನ್ನೊಂದು, ಅಡುಗೆ ಭಟ್ಟರನ್ನು ಎಷ್ಟು ಸೇರು ಅಕ್ಕಿ ಬೆಂದಿತು ಅಂತ ಕೇಳಿ ಮತ್ತೊಂದು. ಮೂರೂ ಹೊಂದಲ್ಲ, ಮೂವರೂ ಸುಳ್ಳು ಹೇಳುತ್ತಿಲ್ಲ. ಮುಯ್ಯಿ ಬರೆಸದೆ ಉಂಡು ಹೋದವರು ಮಾತ್ರ ಪುಸ್ತಕದಲ್ಲಿ ಇರುವುದಿಲ್ಲ.

ಇದೇ ಕ್ರಮ ಬೇರೆ ಕಡೆಗೂ ನಡೆಯುತ್ತದೆ. ಉಕ್ರೇನಿನಲ್ಲಿ ವಿಶ್ವಸಂಸ್ಥೆ ಕೊಡುವ ನಾಗರಿಕರ ಸಾವಿನ ಅಂಕಿ ಪರಿಶೀಲನೆ ಮುಗಿದವರದ್ದು ಮಾತ್ರ. ನಿಜ ಸಂಖ್ಯೆ ಇದಕ್ಕಿಂತ ಜಾಸ್ತಿ ಅಂತ ಅವರೇ ಪ್ರತಿ ಸಲ ಬರೆಯುತ್ತಾರೆ, ಮರಿಯುಪೋಲ್‌ನಂಥ ಊರಿನ ಪೂರ್ತಿ ಲೆಕ್ಕ ಅವರ ಕೈಗೆ ಸಿಕ್ಕೇ ಇಲ್ಲ. ಗಾಜಾದ ಆರೋಗ್ಯ ಇಲಾಖೆ ಹಮಾಸ್ ಆಡಳಿತದ ಕೆಳಗಿದೆ, ನಿಜ. ಆದರೆ ಅದು ಹೆಸರು, ವಯಸ್ಸು, ಗುರುತಿನ ಸಂಖ್ಯೆ ಸಮೇತ ಪಟ್ಟಿ ಹೊರಗೆ ಹಾಕಿದೆ. ಸತ್ತವರಲ್ಲಿ ಹೋರಾಟಗಾರರು ಯಾರು, ನಾಗರಿಕರು ಯಾರು ಅಂತ ಅದರಲ್ಲಿ ಬೇರ್ಪಡಿಸಿಲ್ಲ. ಮನೆ ಕುಸಿದು ಅವಶೇಷದ ಅಡಿ ಸಿಕ್ಕಿಕೊಂಡು ಇನ್ನೂ ಹೊರಗೆ ಬರದವರು ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಹಾಳೆಯಲ್ಲಿ ಇವೆಲ್ಲಾ ಬರಬೇಕು. ನಂಬಬೇಕೋ ಬೇಡವೋ ಅನ್ನೋದು ಆಮೇಲಿನ ಮಾತು.

ಇನ್ನೊಂದು ಸಾಲು ಬಿಡಿ, ಅದರ ತಲೆಯ ಮೇಲೆ "ಬಾಂಬು ಬೀಳದೆ ಸತ್ತವರು" ಅಂತ ಬರೆಯಿರಿ. ಕರೆಂಟು ಹೋಗಿ ಡಯಾಲಿಸಿಸ್ ಯಂತ್ರ ನಿಂತವರು, ಇನ್ಸುಲಿನ್ ಸಿಗದವರು, ಕೆಟ್ಟ ನೀರು ಕುಡಿದ ಮಕ್ಕಳು, ಚೆಕ್‌ಪೋಸ್ಟ್ ದಾಟಲಾಗದೆ ರಸ್ತೆಯಲ್ಲೇ ಹೆರಿಗೆಗೆ ಸಿಕ್ಕವರು. ಇರಾಕಿನ ಬಗ್ಗೆ 2013ರಲ್ಲಿ ಬಂದ ಇನ್ನೊಂದು ಅಧ್ಯಯನ 2003ರಿಂದ 2011ರವರೆಗೆ ಯುದ್ಧದಿಂದಾದ ಹೆಚ್ಚುವರಿ ಸಾವು ಸುಮಾರು 4 ಲಕ್ಷ ಅಂದಿತು. ಅದರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ನೇರ ಹಿಂಸೆಯಿಂದ. ಉಳಿದವರು ಹೀಗೆ, ಸದ್ದಿಲ್ಲದೆ.

ಈಗ ಎರಡನೇ ಕೆಲಸ. ಇದು ನನಗೆ ಬಹಳ ಇಷ್ಟ. ಸುದ್ದಿಯ ಕ್ರಿಯಾಪದ ನೋಡಿ.

ನಮ್ಮ ಕನ್ನಡ ಪತ್ರಿಕೆ, ಚಾನೆಲ್‌ಗಳಲ್ಲಿ ಜನ ಸಾಯುವ ರೀತಿ ಗಮನಿಸಿದ್ದೀರಾ? "ದಾಳಿಗೆ 10 ಮಂದಿ ಬಲಿ." ಬಲಿ ಅಂದರೆ ಕೊಡುವವನೊಬ್ಬ ಇರಬೇಕು, ಅಲ್ವಾ? ಮಾರಿಜಾತ್ರೆಯಲ್ಲೂ ಕುರಿ ಯಾರದು, ಕತ್ತಿ ಯಾರದು ಅಂತ ಊರಿಗೆಲ್ಲಾ ಗೊತ್ತಿರುತ್ತದೆ. ಇಲ್ಲಿ ಕತ್ತಿ ಹಿಡಿದವನೇ ಮಾಯ. "ಸಾವನ್ನಪ್ಪಿದ್ದಾರೆ" ಅನ್ನೋದು ಇನ್ನೂ ಚೆನ್ನ. ಸತ್ತವರೇ ಎದ್ದು ಹೋಗಿ ಸಾವನ್ನು ತಬ್ಬಿಕೊಂಡ ಹಾಗೆ! ಆ ವಾಕ್ಯವನ್ನು "ಕೊಂದರು" ಅನ್ನೋ ಪದ ಹಾಕಿ ಮತ್ತೆ ಬರೆಯಿರಿ. ಬರೆಯಲು ಹೋದ ತಕ್ಷಣ ಒಂದು ಖಾಲಿ ಜಾಗ ಕಾಣುತ್ತದೆ: ಯಾರು? ಅದನ್ನು ತುಂಬಲು ಸುದ್ದಿಯಲ್ಲಿ ಮಾಹಿತಿ ಇದೆಯೋ ಇಲ್ಲವೋ ನೋಡಿ. ನಿಮಗೆ ಇಷ್ಟವಾದ ಕಡೆಯವರು ಕೊಂದಾಗಲೂ ಇದನ್ನೇ ಮಾಡಬೇಕು. ಇಲ್ಲದಿದ್ದರೆ ಇದೂ ಒಂದು ಆಟವೇ.

ಒಂದು ಹೇಳಿಕೆಯನ್ನು ಹತ್ತಿರದಿಂದ ನೋಡೋಣ. 2005ರ ನವೆಂಬರ್ 19, ಇರಾಕಿನ ಹದಿತಾ ಊರು. ರಸ್ತೆ ಬದಿಯ ಬಾಂಬು ಸಿಡಿದು ಒಬ್ಬ ಅಮೆರಿಕನ್ ಮೆರೀನ್ ಸೈನಿಕ ಸತ್ತ. ಆ ಸ್ಫೋಟದಲ್ಲೇ 15 ನಾಗರಿಕರೂ ಸತ್ತರು, ಆಮೇಲೆ ನಡೆದ ಗುಂಡಿನ ಚಕಮಕಿಯಲ್ಲಿ 8 ಬಂಡುಕೋರರು ಸತ್ತರು, ಇದು ಸೈನ್ಯದ ಮೊದಲ ಹೇಳಿಕೆ. ಓದಿದರೆ ಎಲ್ಲಾ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಮಾರನೇ ವರ್ಷ ಮಾರ್ಚ್‌ನಲ್ಲಿ ಟೈಮ್ ಪತ್ರಿಕೆ ಬೇರೆ ಕತೆ ತಂದಿತು. ಸತ್ತ ಇರಾಕಿಗಳು 24 ಮಂದಿ. ಬಾಂಬಿಗಲ್ಲ, ಗುಂಡಿಗೆ. ಕೆಲವರನ್ನು ಒಂದು ಕಾರಿನ ಪಕ್ಕದಲ್ಲಿ, ಹೆಚ್ಚಿನವರನ್ನು ಅವರವರ ಮನೆಯ ಒಳಗೆ ಮೆರೀನ್ ಸೈನಿಕರು ಕೊಂದಿದ್ದರು. ಅವರಲ್ಲಿ ಹೆಂಗಸರು, ಚಿಕ್ಕ ಮಕ್ಕಳು, ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕ. 8 ಮಂದಿ ಸೈನಿಕರ ಮೇಲೆ ಆರೋಪ ಹೊರಿಸಿದರು. ಆರು ಜನರ ಮೇಲಿನದು ಬಿದ್ದುಹೋಯಿತು, ಒಬ್ಬ ಖುಲಾಸೆ, ಕೊನೆಯವನು 2012ರಲ್ಲಿ ಕರ್ತವ್ಯಲೋಪ ಒಪ್ಪಿಕೊಂಡ. ಜೈಲಿಗೆ ಒಬ್ಬರೂ ಹೋಗಲಿಲ್ಲ.

ಹಾಗಾಗಿ ಮೊದಲ ಹೇಳಿಕೆ ಬಂದಾಗ ತಾರೀಖು ಹಾಕಿ ಬರೆದಿಡಿ, ನಂಬಲು ಅವಸರ ಮಾಡಬೇಡಿ. ಕೆಲವೊಮ್ಮೆ ಹೆಚ್ಚು ದಿನ ಕಾಯಬೇಕಾಗಿಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳಿ ಕಾರಿಗೆ ಹೊಡೆಯಿತು. ಆತ್ಮಾಹುತಿ ದಾಳಿ ತಪ್ಪಿಸಿದೆವು ಅಂದರು. ಮೂರು ವಾರ ಕಳೆಯುವ ಮುಂಚೆಯೇ, ಸತ್ತ 10 ಜನರೂ ನಾಗರಿಕರು, ಅವರಲ್ಲಿ 7 ಮಕ್ಕಳು ಅಂತ ಒಪ್ಪಿಕೊಳ್ಳಬೇಕಾಯಿತು. ಕಾರು ಓಡಿಸುತ್ತಿದ್ದವನು ಒಂದು ನೆರವು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ, ಅವತ್ತು ಕಾರಿಗೆ ತುಂಬಿದ್ದು ನೀರಿನ ಕ್ಯಾನು.

ಮೂರನೇ ಕೆಲಸ, ಹೊಣೆ. ಇಲ್ಲೇ ಜನ ದಾರಿ ತಪ್ಪೋದು. ಕೊಂದವನು ಮತ್ತು ಹೊಣೆಗಾರ ಒಬ್ಬನೇ ಆಗಿರಬೇಕು ಅಂದುಕೊಳ್ಳುತ್ತೇವೆ. ಮಾವನ ಫಾರ್ವರ್ಡ್‌ನಲ್ಲಿ ದೊಡ್ಡ ತಪ್ಪು ಇದ್ದಿದ್ದು ಅಂಕಿಯಲ್ಲಲ್ಲ, "ಅಮೆರಿಕದವರು ಕೊಂದರು" ಅನ್ನೋದರಲ್ಲಿ. ಅದೇ ಲ್ಯಾನ್ಸೆಟ್ ವರದಿಯ ಪ್ರಕಾರ ಹಿಂಸೆಯಿಂದ ಸತ್ತವರಲ್ಲಿ ನೂರಕ್ಕೆ 31 ಜನರನ್ನು ಅಮೆರಿಕ ಮತ್ತು ಅದರ ಮಿತ್ರ ಪಡೆಗಳು ಕೊಂದಿದ್ದವು. ಉಳಿದವರನ್ನು ಬೇರೆಯವರು, ಅಥವಾ ಯಾರು ಅಂತ ತಿಳಿಯದವರು. ಸಂತೆಯಲ್ಲಿ ಬಾಂಬು ಇಟ್ಟವನ ಕೊಲೆ ಅವನದೇ, ಅದನ್ನು ಯಾರೂ ಅವನ ತಲೆಯಿಂದ ಇಳಿಸಲಾಗದು. ಆದರೆ ಇನ್ನೊಂದು ದೇಶಕ್ಕೆ ನುಗ್ಗಿ ಆಳುವವನ ಮೇಲೆ ಅಲ್ಲಿಯ ಜನರನ್ನು ಕಾಪಾಡುವ ಹೊಣೆ ಬೀಳುತ್ತದೆ. ಇದು ನನ್ನ ಮಾತಲ್ಲ, ಯುದ್ಧದ ನಿಯಮ ಹೇಳುವ ಹೇಗ್ ಮತ್ತು ಜಿನೀವಾ ಒಪ್ಪಂದಗಳಲ್ಲಿ ಇರುವುದು. 2003ರ ಮೇ ತಿಂಗಳಲ್ಲಿ ಇರಾಕ್ ಆಳಲು ಅಮೆರಿಕ ಕೂರಿಸಿದ್ದ ಪಾಲ್ ಬ್ರೆಮರ್ ಒಂದೇ ಆದೇಶದಲ್ಲಿ ಇರಾಕಿನ ಸೈನ್ಯವನ್ನು ಬರಖಾಸ್ತು ಮಾಡಿದರು. ಲಕ್ಷಗಟ್ಟಲೆ ಗಂಡಸರು ಸಂಬಳ ಕಳೆದುಕೊಂಡು ಬಂದೂಕು ಮನೆಗೆ ತಂದರು. ಆಮೇಲೆ ಏನಾಯಿತು ಅನ್ನೋದಕ್ಕೆ ಆ ಸಹಿಯೂ ಲೆಕ್ಕ ಕೊಡಬೇಕು.

ಹಾಳೆ ತಿರುಗಿಸಿ ಒಂದು ಏಣಿ ಬರೆಯಿರಿ. ಕೆಳಗಿನ ಮೆಟ್ಟಿಲಲ್ಲಿ ಗುಂಡು ಹೊಡೆದವನು. ಅದರ ಮೇಲೆ ಆದೇಶ ಕೊಟ್ಟ ಅಧಿಕಾರಿ. ಅದರ ಮೇಲೆ ಮಂತ್ರಿ, ಅಧ್ಯಕ್ಷ, ಪ್ರಧಾನಿ. ಪಕ್ಕದಲ್ಲಿ, ಯುದ್ಧಕ್ಕೆ ಕಾರಣ ಹುಡುಕಿಕೊಟ್ಟವರು, ಯುದ್ಧದ ಪರ ಕೈ ಎತ್ತಿದವರು, ಆಯುಧ ಮಾರಿದವರು. ಪ್ರತಿ ಮೆಟ್ಟಿಲಿಗೂ ಹೆಸರು, ತಾರೀಖು ಬೇಕು. "ವ್ಯವಸ್ಥೆ", "ಅಂತಾರಾಷ್ಟ್ರೀಯ ಸಮುದಾಯ" ಅಂತೆಲ್ಲಾ ಸುಮ್ನೆ ಬರೆಯಬೇಡಿ, ಅವು ಸಹಿ ಹಾಕಲ್ಲ.

ಇರಾಕಿನ ಏಣಿ ತುಂಬಿಸುವುದು ಸುಲಭ, ಎಲ್ಲಾ ದಾಖಲೆಯಲ್ಲಿದೆ. 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೆಳಮನೆ 296-133, ಸೆನೆಟ್ 77-23 ಮತಗಳಿಂದ ಅಧ್ಯಕ್ಷ ಜಾರ್ಜ್ ಬುಷ್‌ಗೆ ಯುದ್ಧದ ಅಧಿಕಾರ ಕೊಟ್ಟವು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಇರಾಕಿನಲ್ಲಿ ಮಹಾಮಾರಕ ಅಸ್ತ್ರಗಳಿವೆ ಅಂತ ಚಿತ್ರ ತೋರಿಸಿ ವಾದ ಮಾಡಿದರು. ಆ ಅಸ್ತ್ರಗಳು ಕೊನೆಗೂ ಸಿಗಲಿಲ್ಲ. ಮಾರ್ಚ್ 17ರಂದು ಬ್ರಿಟನ್ನಿನ ಮಂತ್ರಿ ರಾಬಿನ್ ಕುಕ್ ಈ ಯುದ್ಧ ಒಪ್ಪಲ್ಲ ಅಂತ ರಾಜೀನಾಮೆ ಕೊಟ್ಟರು. ಮಾರನೇ ದಿನ ಅಲ್ಲಿಯ ಸಂಸತ್ತು 412-149ರಲ್ಲಿ ಯುದ್ಧಕ್ಕೆ ಒಪ್ಪಿತು. ಯಾವ ಸದಸ್ಯ ಯಾವ ಕಡೆ ಅನ್ನೋದು ಇವತ್ತಿಗೂ ಯಾರು ಬೇಕಾದರೂ ನೋಡಬಹುದು. ಅವತ್ತು ಯಾರಿಗೂ ಗೊತ್ತಿರಲಿಲ್ಲ ಅಂತ ಈಗ ಯಾರಾದರೂ ಹೇಳಿದರೆ ಆ 149 ಹೆಸರು ತೋರಿಸಿ.

ತನಿಖಾ ಸಮಿತಿ ಅಂದ ತಕ್ಷಣ ನಗಬೇಡಿ. ನಮಗೆ ಗೊತ್ತು, ಸಮಿತಿ ಅಂದರೆ ಫೈಲಿಗೆ ಧೂಳು. ಬ್ರಿಟನ್ ಇರಾಕ್ ಯುದ್ಧಕ್ಕೆ ಹೋದದ್ದರ ಬಗ್ಗೆ ತನಿಖೆ ಮಾಡಿದ ಚಿಲ್ಕಾಟ್ ಸಮಿತಿ 2009ರಲ್ಲಿ ಶುರುವಾಗಿ ವರದಿ ಕೊಟ್ಟಿದ್ದು 2016ರ ಜುಲೈ 6ಕ್ಕೆ. 12 ಸಂಪುಟ. ಪೂರ್ತಿ ಓದಬೇಕಾಗಿಲ್ಲ, ಸಾರಾಂಶ ಸಾಕು. ಶಾಂತಿಯ ದಾರಿಗಳು ಇನ್ನೂ ಮುಗಿದಿರಲಿಲ್ಲ, ಯುದ್ಧ ಕೊನೆಯ ಉಪಾಯ ಆಗಿರಲಿಲ್ಲ ಅಂತ ಅದು ಬರೆಯಿತು. ಏನೇ ಆದರೂ ನಿಮ್ಮ ಜೊತೆ ಇರುತ್ತೇನೆ ಅಂತ ಆಗಿನ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಬುಷ್‌ಗೆ 2002ರ ಜುಲೈನಲ್ಲೇ ಬರೆದ ಟಿಪ್ಪಣಿ ಹೊರಬಂತು. ನಾಗರಿಕರ ಮೇಲೆ ಏನು ಪರಿಣಾಮ ಆಗುತ್ತಿದೆ ಅಂತ ತಿಳಿದುಕೊಳ್ಳುವುದು ಸರ್ಕಾರದ ಜವಾಬ್ದಾರಿ ಅಂತಲೂ ವರದಿಯಲ್ಲಿ ಇದೆ. ನಾನು ಅಡಿಗೆರೆ ಎಳೆದ ಸಾಲು ಅದು. ಎಣಿಸದೆ ಇರುವುದೂ ಒಂದು ತೀರ್ಮಾನವೇ. ನಾವು ಹೆಣ ಎಣಿಸಲ್ಲ ಅಂತ ಅಮೆರಿಕದ ಸೇನಾಧಿಕಾರಿ ಟಾಮಿ ಫ್ರಾಂಕ್ಸ್ ಮೊದಲೇ ಹೇಳಿದ್ದರಲ್ಲ. ಬ್ಲೇರ್ ದುಃಖ, ವಿಷಾದ ಎಲ್ಲಾ ಹೇಳಿದರು, ಜೊತೆಗೆ ಮತ್ತೆ ಆ ಸ್ಥಿತಿ ಬಂದರೂ ಅದೇ ತೀರ್ಮಾನ ಮಾಡುತ್ತೇನೆ ಅಂದರು.

ಏಣಿಯಲ್ಲಿ ಒಂದು ಮೆಟ್ಟಿಲನ್ನು ಎಲ್ಲರೂ ಮರೆಯುತ್ತಾರೆ. ಅಸ್ತ್ರ ಇಲ್ಲ ಅಂತ ಗೊತ್ತಾದ ಮೇಲೂ 2004ರಲ್ಲಿ ಬುಷ್ ಗೆದ್ದರು. 2005ರಲ್ಲಿ ಬ್ಲೇರ್, ಕಡಿಮೆ ಬಹುಮತದಲ್ಲಾದರೂ, ಗೆದ್ದರು. ಆ ಮೆಟ್ಟಿಲಿಗೆ "ಮತದಾರ" ಅಂತ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆದರೂ ಪರವಾಗಿಲ್ಲ.

ಕೋರ್ಟು? ಹೇಗ್‌ನ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ ಪುಟಿನ್ ಮೇಲೆ, 2024ರ ನವೆಂಬರ್‌ನಲ್ಲಿ ನೆತನ್ಯಾಹು ಮೇಲೆ ವಾರೆಂಟ್ ಹೊರಡಿಸಿತು. ಅಮೆರಿಕ, ರಷ್ಯಾ, ಚೀನಾ, ಇಸ್ರೇಲ್ ಅದರ ಸದಸ್ಯರಲ್ಲ. ಭಾರತವೂ ಅಲ್ಲ.

ನಮ್ಮ ಏಣಿಯನ್ನೂ ಬರೆಯಬೇಕು. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಯುದ್ಧದ ವಿರುದ್ಧ ನಿರ್ಣಯ ಮಾಡಿತು. ಖಂಡಿಸಬೇಕೋ, ಬರೀ ವಿಷಾದ ಸಾಕೋ ಅಂತ ಎಳೆದಾಡಿ, ಕೊನೆಗೆ ಹಿಂದಿಯಲ್ಲಿ "ನಿಂದಾ", ಇಂಗ್ಲಿಷಿನಲ್ಲಿ ಅದಕ್ಕಿಂತ ಮೆತ್ತಗಿನ ಪದ. ಜುಲೈನಲ್ಲಿ ವಾಜಪೇಯಿ ಸರ್ಕಾರ, ಅಮೆರಿಕ ಕೇಳಿದರೂ, ಸೈನ್ಯ ಕಳಿಸಲ್ಲ ಅಂದಿತು. ಇಲ್ಲ ಅನ್ನೋದಕ್ಕೂ ಏಣಿಯಲ್ಲಿ ಜಾಗ ಇದೆ. ದೂರದ ಯುದ್ಧ ನಮಗೇನು ಅನ್ನುವವರಿಗೆ, 2022ರ ಮಾರ್ಚ್‌ನಲ್ಲಿ ಖಾರ್ಕಿವ್‌ನಲ್ಲಿ ದಿನಸಿ ತರಲು ಹೋಗಿದ್ದ ನಮ್ಮ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ಸತ್ತಿದ್ದನ್ನು ನೆನಪಿಸಿ. ಅವತ್ತು ಕನ್ನಡ ಚಾನೆಲ್‌ಗಳೆಲ್ಲಾ ಒಬ್ಬನ ಹೆಸರು, ಊರು, ತಂದೆಯ ಮಾತು, ಅಂಕಪಟ್ಟಿ ಎಲ್ಲಾ ತೋರಿಸಿದವು. ಅಂಕಿಯಲ್ಲಿ ಅವನು "1". ಉಳಿದ ಸಾವಿರಾರು "1"ಗಳಿಗೂ ಅಂಕಪಟ್ಟಿ ಇತ್ತು.

ಇಷ್ಟೆಲ್ಲಾ ಬರೆದು ಗ್ರೂಪಿಗೂ ಹಾಕಿದ್ದೆ. ಮೊನ್ನೆ ದೊಡ್ಡಮಾವ ಹೊಸದೊಂದು ಅಂಕಿ ಕಳಿಸಿದರು, ಕೆಂಪು ಅಕ್ಷರ, ಮೂರು ಆಶ್ಚರ್ಯಸೂಚಕ. ಅಳಿಯ ಕೇಳಿದ: "ಮಾವ, ಯಾರು ಎಣಿಸಿದ್ದು?" ನೀಲಿ ಟಿಕ್ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.