ಕಥೆಯ ಮಗುವಿಗೆ ಹೆಸರಿಡುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಹತ್ತು ವರ್ಷದ ಹುಡುಗನನ್ನೋ ಹುಡುಗಿಯನ್ನೋ ಕಥೆಗೆ ತರುವ ಹೊಸ ಬರಹಗಾರರು ಸಾಮಾನ್ಯವಾಗಿ ತಮಗೆ ಹಿಡಿಸಿದ ಹೆಸರನ್ನೇ ಇಟ್ಟುಬಿಡುತ್ತಾರೆ. ಆದರೆ ಕಥೆಯೊಳಗೆ ಆ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟವರು ಅದರ ಮನೆಯವರು. ಆದ್ದರಿಂದ ಆಯ್ಕೆಯೂ ಅವರಿಂದಲೇ ಶುರುವಾಗಬೇಕು.

ಮೊದಲು ಮಗು ಹುಟ್ಟಿದ ಊರು ಮತ್ತು ವರ್ಷವನ್ನು ಗೊತ್ತುಮಾಡಿಕೊಳ್ಳಿ. ಬಳಿಕ ಆ ಮನೆಯವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡಿ. ಕಲಬುರಗಿಯ ಶರಣಬಸವೇಶ್ವರರ ಭಕ್ತರಲ್ಲಿ ಶರಣಬಸಪ್ಪ, ಶರಣಮ್ಮ. ಘತ್ತರಗಿಯ ದೇವಿಗೆ ಹರಕೆ ಹೊತ್ತವರಲ್ಲಿ ಭಾಗ್ಯವಂತಿ, ಭಾಗಮ್ಮ. ದತ್ತ ಕ್ಷೇತ್ರವಾದ ಗಾಣಗಾಪುರಕ್ಕೆ ಹೋಗಿಬರುವವರಲ್ಲಿ ದತ್ತಾತ್ರೇಯ. ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವವರಲ್ಲಿ ಮೌನೇಶ, ಮೋನಪ್ಪ. ಹುಮನಾಬಾದ್ ಬಳಿಯ ಮಾಣಿಕಪ್ರಭುಗಳನ್ನು ನಂಬಿದವರಲ್ಲಿ ಮಾಣಿಕಪ್ಪ ಸಹಜ. ದರ್ಗಾಗಳಿಗೆ ಹರಕೆ ಹೊರುವ ಹಿಂದೂ ಮನೆಗಳಲ್ಲಿ ಹುಸೇನಪ್ಪನೂ ಇದ್ದಾನೆ. ಹೊರಗಿನ ಓದುಗರು ಗೊಂದಲಪಟ್ಟಾರೆಂದು ಅವನ ಹೆಸರನ್ನು ತಿದ್ದಬೇಡಿ.

ಹೆಸರಿನ ಕೊನೆಯ ಭಾಗ ತಲೆಮಾರನ್ನು ಸೂಚಿಸುತ್ತದೆ. 1950ರ ಸುಮಾರಿಗೆ ಬಸಪ್ಪನಾಗುತ್ತಿದ್ದ ಕೂಸು 1980ರಲ್ಲಿ ಬಸವರಾಜನಾಗಿ, ಈಗ ಬಸವಪ್ರಸಾದನಾಗಬಹುದು. ಶಹರದ ಮಗುವಾದರೆ ಸಮರ್ಥ, ಸೃಷ್ಟಿ ಎಂದೂ ಇಡಬಹುದು, ಆದರೆ ಹಾಗೆ ಕರೆದಾಗ ತರಗತಿಯಲ್ಲಿ ಇನ್ನೊಬ್ಬರೂ ತಿರುಗಿ ನೋಡಿಯಾರು.

ಮುಂದೆ, ಆ ಹೆಸರನ್ನು ಬೇರೆ ಬೇರೆ ಬಾಯಿಗಳಲ್ಲಿ ಕರೆಸಿ ನೋಡಿ, ಇದನ್ನು ಬಿಡಲೇಬಾರದು. ಹಾಜರಿ ಪುಸ್ತಕದ ಶರಣಬಸಪ್ಪ ಗೆಳೆಯರ ಬಾಯಲ್ಲಿ ಶರಣ್ಯಾ ಆಗುತ್ತಾನೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟ ಕೆಲವು ಮನೆಗಳಲ್ಲಿ ಮಾವನ ಹೆಸರನ್ನು ಬಾಯಿಬಿಟ್ಟು ಹೇಳಲಾಗದ ಸೊಸೆ ಮಗನನ್ನು ಬೇರೆ ಹೆಸರಿನಿಂದಲೇ ಕೂಗುತ್ತಾಳೆ. ಅಂಗಿ ತುಂಬ ಕೆಸರು ಮಾಡಿಕೊಂಡು ಅಂಗಳದಲ್ಲಿ ನಿಂತವನನ್ನು ಆಕೆ ‘ಮುತ್ಯಾ (ಅಜ್ಜಾ), ಒಳಗ ಬಾರಪ್ಪಾ’ ಎಂದು ಕರೆದರೆ, ಆ ಮನೆಯ ನಡೆನುಡಿಯನ್ನು ನೀವು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಒಂದೇ ಕಥೆಯಲ್ಲಿ ಶರಣಪ್ಪ, ಶರಣಬಸಪ್ಪ, ಶಿವಶರಣಪ್ಪ ಮೂವರೂ ಬೇಡ; ಊರಿನಲ್ಲಿ ಅದು ಮಾಮೂಲಿಯಾದರೂ ಓದುಗರಿಗೆ ತೊಡಕು. ಪಾಟೀಲ, ಬಿರಾದಾರ ಮೊದಲಾದ ಅಡ್ಡಹೆಸರು ಸೇರಿಸುವುದಾದರೆ, ಪೂರ್ತಿ ಹೆಸರು ಆ ಭಾಗದ ಯಾವುದಾದರೂ ಪರಿಚಿತ ವ್ಯಕ್ತಿಯದ್ದಾಗಿಬಿಡುತ್ತದೆಯೇ ಎಂದು ವಿಚಾರಿಸಿ.

ಬರವಣಿಗೆಯ ನಡುವೆ ಹೆಸರು ಬದಲಿಸಬೇಕಾಗಿ ಬಂದರೆ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಬದಲಿಸಬೇಡಿ, ಏಕೆಂದರೆ ಮೌನೇಶನನ್ನು ಶರಣು ಎಂದು ಬದಲಿಸಿದರೆ ‘ಮೌನೇಶನಿಗೆ’ ಎಂದಿದ್ದದ್ದು ‘ಶರಣುನಿಗೆ’ ಎಂದಾಗಿ ವಿಭಕ್ತಿ ಕೆಡುತ್ತದೆ. ಒಂದೊಂದನ್ನೂ ಹುಡುಕಿ, ಓದಿ, ಕೈಯಾರೆ ತಿದ್ದಿ.